ಔರಾದ ಬಸ್ಸಿನ ಕಂಡಕ್ಟರ್ ಬಾಯಿ

ಆಕೆಯ ಹೆಸರು ಹೇಳುವುದಿಲ್ಲ. ಬೀದರಿನಿಂದ ಔರಾದಕ್ಕೆ ದಿನಾ ಓಡಾಡುವವರಿಗೆ ಹೆಸರು ಬೇಕಾಗಿಲ್ಲ, ಉಳಿದವರಿಗೆ ಹೇಳಿ ಪ್ರಯೋಜನವಿಲ್ಲ. ನಾವೆಲ್ಲ ಆಕೆಯನ್ನು ಬಾಯಿ ಅನ್ನುತ್ತಿದ್ದೆವು. ನಮ್ಮ ಕಡೆ ಮಾನದ ಹೆಣ್ಣುಮಗಳನ್ನು ಹಾಗೆ ಕರೆಯುವುದು ವಾಡಿಕೆ. ಆಕೆ ತೀರಿಕೊಂಡ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಅವಳ ಜೊತೆಯವರು ಒಂದು ಫೋಟೋ ಇಟ್ಟು ಹಾರ ಹಾಕಿದ್ದರು. ಕೈಗೆ ಸಿಕ್ಕಿದ ಫೋಟೋ ಇರಬೇಕು. ಮುಖ ದುಂಡಗೆ ಊದಿ, ಗಲ್ಲ ತುಂಬಿ, ಕಣ್ಣು ಒಳಗೆ ಸೇರಿಕೊಂಡಿದ್ದವು. ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸು, "ಎಷ್ಟ್ ಚಲೋ ಇದ್ಳು ನೋಡ್ರಿ, ಮೈಕೈ ತುಂಬ್ಕೊಂಡು. ಹ್ಯಾಂಗ ಹೋದ್ಳೋ ಏನೋ" ಅಂದಳು. ಆ ಮುಖ ಬಾಯಿಯದಲ್ಲ, ಗುಳಿಗೆಯದು. ಇಷ್ಟನ್ನು ಯಾರಿಗಾದರೂ ಹೇಳಲೇಬೇಕು ಅನ್ನಿಸಿ ಬರೆಯಲು ಕೂತಿದ್ದೇನೆ.

ಆಕೆಯ ನಿಜವಾದ ಮುಖ ಉದ್ದ. ಗದ್ದದ ಎಲುಬು ಎದ್ದು ಕಾಣುತ್ತಿತ್ತು. ಬಾಯಲ್ಲಿ ಸೀಟಿ, ಕೈಯಲ್ಲಿ ಟಿಕೆಟ್ ಮಷಿನ್. ಆ ಮಷಿನ್ನನ್ನು ಯಾವಾಗಲೂ ಬಲಗಡೆಯ ಕಿಬ್ಬೊಟ್ಟೆಗೆ ಒತ್ತಿಕೊಂಡೇ ಇರುತ್ತಿದ್ದಳು. ಕಳ್ಳರ ಭಯ ಇರಬೇಕೆಂದು ನಾನು ತಿಳಿದಿದ್ದೆ. ಹಾಗೆ ಒತ್ತಿ ಹಿಡಿದರೆ ನೋವು ಸ್ವಲ್ಪ ತಡೆಯುತ್ತದೆಂದು ಆಮೇಲೆ ಗೊತ್ತಾಯಿತು. ನೋವು ಹೆಚ್ಚಾದಾಗ ಸೀಟಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದಳು. ಅದರ ತುದಿಯ ತುಂಬ ಹಲ್ಲಿನ ಗುರುತುಗಳಿದ್ದವು.

ಬಾಯಿ ಮಾತಿನಲ್ಲಿ ಯಾರಿಗೂ ಸೋಲುತ್ತಿರಲಿಲ್ಲ. "ಚಿಲ್ರಿ ಮತ್ತ ಮರ್ಯಾದಿ, ಎರಡೂ ಬಸ್ ಹತ್ತೂ ಮೊದಲೇ ತಯಾರ ಇಟ್ಕೋರಿ" ಅನ್ನುವುದು ಅವಳ ಮಾತು. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಅದನ್ನು ತಿದ್ದಿದಳು: "ಅಕ್ಕಗೋಳೇ, ನಿಮಗ ಚಿಲ್ರಿ ಮಾಫ್. ಮರ್ಯಾದಿ ಮಾಫಿಲ್ಲ." ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಗೆ ಬಂದು ತೊಗರಿ ಮಾರಿ ಖಾಲಿ ಚೀಲಗಳ ಕಟ್ಟು ಹೊತ್ತು ಮರಳುವ ಗಂಡಸರು ಕೂಡ ಆಕೆಯ ಮುಂದೆ ಬೀಡಿ ಕಿವಿಗೆ ಸಿಗಿಸಿಕೊಂಡು ತೆಪ್ಪಗೆ ಕೂರುತ್ತಿದ್ದರು.

ನಾನು ಔರಾದದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮನೆ ಬೀದರಿನಲ್ಲಿ. ದಿನಾ ಬೆಳಿಗ್ಗೆ ಅದೇ ಬಸ್ಸು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಪರಿಚಯವಾದದ್ದೂ ಜಗಳದಿಂದಲೇ. ಬಸ್ಸು ಸಂತಪೂರ ದಾಟುವ ಮೊದಲೇ ಎಲ್ಲೋ ಒಂದು ಕಡೆ ನಿಲ್ಲುತ್ತಿತ್ತು. ಡ್ರೈವರ್ ಇಳಿದು ಬಾನೆಟ್ ಎತ್ತಿ, "ಇಂಜಿನ್ ಕಾದದ, ನೀರ ಹಾಕಬೇಕು" ಅನ್ನುತ್ತಿದ್ದ. ಒಂದು ದಿನ ನಿಂತರೆ ಸರಿ, ದಿನಾ ನಿಂತರೆ? ಗಂಜಿನ ಹಮಾಲ ಒಬ್ಬ, "ಈ ಬಸ್ ನಮ್ಮೂರ ಎಮ್ಮಿಕಿಂತ ಜಾಸ್ತಿ ನೀರ ಕುಡೀತದ್ರಿ" ಎಂದು ನಗಿಸುತ್ತಿದ್ದ. ನನಗೆ ನಗು ಬರಲಿಲ್ಲ. ಶಾಲೆಗೆ ತಡವಾಗುತ್ತಿತ್ತು. ಒಂದು ಬೆಳಿಗ್ಗೆ ಕೆಳಗಿಳಿದು ಡ್ರೈವರನ ಮೇಲೆ ಹರಿಹಾಯ್ದೆ. ಬಾನೆಟ್ಟಿನೊಳಗೆ ನೋಡಿದೆ. ಇಂಜಿನ್ ಕಾದಿರಲಿಲ್ಲ, ಅವನ ಕೈಯಲ್ಲಿದ್ದ ಕೊಡವೂ ಖಾಲಿ. ಅಷ್ಟರಲ್ಲಿ ರಸ್ತೆಯ ಪಕ್ಕದ ಮನೆಯೊಂದರ ಹಿತ್ತಲಿನಿಂದ ಬಾಯಿ ಬಂದಳು. ಮುಖ ಸುಣ್ಣದ ಹಾಗೆ ಬಿಳಿಚಿತ್ತು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದಳು. ನನ್ನನ್ನು ನೋಡಿ, "ಅವಗ ಬೈಬ್ಯಾಡ್ರಿ ಟೀಚರ್. ನೀರ ಬೇಕಾಗಿದ್ದು ಇಂಜಿನ್ನಿಗಲ್ಲ, ನನಗ" ಅಂದಳು.

ಆ ರಸ್ತೆಯಲ್ಲಿ ಯಾರ ಮನೆಯ ಸಂಡಾಸಿಗೆ ಕದವಿದೆ, ಯಾರದಕ್ಕೆ ಬರೀ ಗೋಣಿತಟ್ಟು, ಯಾರ ಮನೆಯ ನಾಯಿ ಕಚ್ಚುತ್ತದೆ ಎಂಬುದೆಲ್ಲ ಆಕೆಗೆ ಬಾಯಿಪಾಠ. ಆ ಮನೆಗಳ ಹೆಂಗಸರೆಲ್ಲ ಅವಳ ಗೆಳತಿಯರು. ಬೀದರಿನಿಂದ ಬರುವಾಗ ಒಬ್ಬಳಿಗೆ ಬಳೆ, ಒಬ್ಬಳಿಗೆ ಹೊಲಿಗೆ ಮಷಿನ್ನಿನ ಸೂಜಿ ತಂದುಕೊಡುತ್ತಿದ್ದಳು. ಹೊಟ್ಟೆ ಬಿಗಿಹಿಡಿದು ಓಡುವವಳ ಮುಖ ನೋಡಿದರೆ ಯಾರಿಗೂ ಇಲ್ಲ ಅನ್ನಲು ಮನಸ್ಸು ಬರುತ್ತಿರಲಿಲ್ಲ. ಒಂದೊಂದು ದಿನ ಔರಾದ ಮುಟ್ಟುವಷ್ಟರಲ್ಲಿ ಮೂರು ನಾಲ್ಕು ಸಲ ಓಡುತ್ತಿದ್ದಳು. ರಕ್ತ ಬೀಳುತ್ತಿತ್ತು. ಅದನ್ನು ಹೇಳುವಾಗಲೂ ಧ್ವನಿ ತಗ್ಗಿಸುತ್ತಿರಲಿಲ್ಲ. ಇಂಥ ರೋಗ ಇದ್ದವರಿಗೆ ನಾಚಿಕೆ ಎಷ್ಟು ದಿನ ತಾನೇ ಉಳಿದೀತು!

ಮೊದಲು ಮೂಲವ್ಯಾಧಿ ಅಂದರಂತೆ. ಆಮೇಲೆ ಕರುಳಿನ ಟಿಬಿ ಎಂದು ತಿಂಗಳಾನುಗಟ್ಟಲೆ ಗುಳಿಗೆ ನುಂಗಿಸಿದರು. ಅದರಿಂದ ಮೂತ್ರ ಕೆಂಪಾಯಿತೇ ಹೊರತು ಹೊಟ್ಟೆ ಸರಿಯಾಗಲಿಲ್ಲ. ಕೊನೆಗೆ ಹೈದರಾಬಾದಿಗೆ ಹೋಗಿ ಕರುಳೊಳಗೆ ನಳಿಗೆ ಬಿಟ್ಟು ನೋಡಿಸಿಕೊಂಡು ಬಂದಳು. ಮರುದಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಕ್ರೋನ್ಸ್ ಅಂತ್ರಿ ಟೀಚರ್. ವಾಸಿ ಆಗಂಗಿಲ್ಲಂತ, ಹಿಡತದಾಗ ಇಡಬಹುದಂತ" ಎಂದು ಹಬ್ಬದ ಸುದ್ದಿ ಹೇಳಿದ ಹಾಗೆ ಹೇಳಿದಳು. ವಾಸಿಯಾಗದ ರೋಗಕ್ಕೆ ಇಷ್ಟು ಖುಷಿಯೇನೆ ಅಂದೆ. "ಹೆಸರರ ಸಿಕ್ತಲ್ಲರಿ. ಇಷ್ಟ ದಿನ ಮಂದಿ ನನಗ ಬರೀ ಹೇಲಬುರುಕಿ ಅಂತಿದ್ರು" ಅಂದಳು.

ಆಗ ಶುರುವಾದದ್ದು ಆ ಸ್ಟೀರಾಯ್ಡ್ ಗುಳಿಗೆ. ಚಿಕ್ಕ ಬಿಳಿ ಗುಳಿಗೆ. ಅದರ ಮಹಿಮೆಯನ್ನು ನಾನೇ ಕಣ್ಣಾರೆ ಕಂಡೆ. ಒಂದೆರಡು ವಾರದಲ್ಲಿ ಬಸ್ಸು ನಿಲ್ಲುವುದೇ ನಿಂತಿತು. ಬಾಯಿಗೆ ಹಸಿವು ಹೊತ್ತಿಕೊಂಡಿತು. ರೊಟ್ಟಿಯ ಗಂಟು ಬಿಚ್ಚಿದರೆ ಅರಿವೆಯಷ್ಟೇ ಉಳಿಯುತ್ತಿತ್ತು. ಮುಖ ತುಂಬಿತು, ಗಲ್ಲ ಉಬ್ಬಿತು. ಬಸ್ಸಿನ ಜನವೆಲ್ಲ "ಈಗ ನೋಡ್ರಿ, ಮನಶ್ಯಾರಂಗ ಕಾಣ್ತಾಳ" ಎಂದು ಹರಸಿದರು. ನಮ್ಮಲ್ಲಿ ದಪ್ಪಗಾದರೆ ಆರೋಗ್ಯ, ಸೊರಗಿದರೆ ರೋಗ. ಇದಕ್ಕಿಂತ ಹೆಚ್ಚಿನ ವೈದ್ಯಶಾಸ್ತ್ರ ಯಾರಿಗೂ ಬೇಕಾಗಿಲ್ಲ. ಬಾಯಿಗೆ ಮಾತ್ರ ಕನ್ನಡಿ ಕಂಡರೆ ಆಗುತ್ತಿರಲಿಲ್ಲ. "ಯಾರದೋ ಮುಖ ಸಾಲ ತಂದಂಗ ಆಗ್ಯಾದ್ರಿ" ಅನ್ನುತ್ತಿದ್ದಳು.

ಗಂಡ ಭಾಲ್ಕಿಯಲ್ಲಿದ್ದ. ಇದ್ದ, ಅಷ್ಟೇ. ರೋಗ ಜೋರಾದಾಗ ಅತ್ತೆ, "ಆರಾಮ ಆಗಿ ಬಾ" ಎಂದು ತವರಿಗೆ ಕಳಿಸಿದ್ದರು. ತವರು ಡಾಬಕಾ, ಮಹಾರಾಷ್ಟ್ರದ ಗಡಿಗೆ ಹತ್ತಿದ ಊರು. ಅಪ್ಪ ಇಲ್ಲ. ತಾಯಿ ಹೊಲವನ್ನು ಮಗನಿಗೆ ಬಿಟ್ಟು ಬೀದರಿಗೆ ಬಂದು ಮಗಳ ಜೊತೆ ಒಂದು ಕೋಣೆಯಲ್ಲಿ ಇದ್ದಳು. ಗಿಡ್ಡ ಹೆಂಗಸು, ಮಾತು ಕಡಿಮೆ, ಏನು ಸಿಕ್ಕರೂ ಸೆರಗಿನ ತುದಿಗೆ ಗಂಟು ಹಾಕಿಟ್ಟುಕೊಳ್ಳುವ ರೂಢಿ. ಬಾಯಿಗೆ ಭಾಲ್ಕಿಗೆ ಮರಳುವ ಆಸೆ ಬಹಳ ಇತ್ತು. ಗಂಡನ ಮೇಲಿನ ಪ್ರೀತಿಯೋ, ಅತ್ತೆಗೆ ತೋರಿಸುವ ಹಟವೋ, ನಾನು ಕೇಳಲಿಲ್ಲ. ಎರಡೂ ಇರಬಹುದು.

ಗುಳಿಗೆಯ ಸುಖ ಬಹಳ ದಿನ ಉಳಿಯಲಿಲ್ಲ. ತಿಂದದ್ದು ಹೊಟ್ಟೆಯಲ್ಲಿ ಒಂದು ಕಡೆ ಬಂದು ಸಿಕ್ಕಿಕೊಳ್ಳತೊಡಗಿತು. ಕರುಳಿನ ಒಂದು ಭಾಗ ಗಾಯವಾಗಿ ಮಾಗಿ ಮಾಗಿ ಸಣ್ಣಗಾಗಿಬಿಟ್ಟಿದೆ, ಅಷ್ಟನ್ನು ಕತ್ತರಿಸಿ ತೆಗೆಯಬೇಕು ಎಂದು ಹೈದರಾಬಾದಿನ ಸರ್ಜನ್ ಹೇಳಿದರು. ಅವರು ಆಕೆಯ ಮುಂದೆ ಎರಡು ದಾರಿ ಇಟ್ಟರಂತೆ. ಈಗಲೇ ಆಪರೇಷನ್ ಮಾಡಿದರೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಮಲ ಬೀಳಲು ಚೀಲ ಹಾಕಬೇಕು. ಮುಂದೆ ಯಾವಾಗಲಾದರೂ ಮತ್ತೆ ಒಳಗೆ ಸೇರಿಸಬಹುದು. ಇಲ್ಲವಾದರೆ ಮೊದಲು ಸ್ಟೀರಾಯ್ಡ್ ಬಿಡಿಸಬೇಕು, ಮೈಗೆ ಶಕ್ತಿ ತರಬೇಕು, ಆಮೇಲೆ ಕತ್ತರಿಸಿ ಅಲ್ಲೇ ಜೋಡಿಸಿ ಹೊಲಿದುಬಿಡಬಹುದು, ಚೀಲ ಬೇಡ.

ಅದನ್ನು ಬಾಯಿ ನನಗೆ ವಿವರಿಸಿದ್ದು ಹೀಗೆ: "ಆ ಗುಳಿಗಿ ಗಾಯ ಮಾಯಗೊಡಂಗಿಲ್ಲಂತ್ರಿ. ಅದು ಮೈಯಾಗ ಇರೂತನ ಹೊಲಿಗಿ ಹಿಡಿಯಂಗಿಲ್ಲ, ಒಳಗೇ ಬಿಚ್ಚಿಹೋಗ್ತದ. ಆದ್ರ ಒಮ್ಮೆಲೇ ಬಿಡೂದೂ ಅಲ್ಲ. ದಿನಾ ಹೊರಗಿಂದ ಬರ್ತದಂತ ಮೈ ತನ್ನ ಕೆಲಸ ಬಿಟ್ಟು ಕುಂತಿರ್ತದಂತ. ಅದು ಎಚ್ಚರ ಆಗೂತನ ಸಾವಕಾಶ ಇಳಿಸ್ಬೇಕು. ಇಳಿಜಾರಿನಾಗ ಒಮ್ಮೆಲೇ ಬ್ರೇಕ್ ಒತ್ತಿದ್ರ ಗಾಡಿ ಏನಾಗ್ತದ ಕಂಡಕ್ಟರ್, ಅಂತ ನನಗೇ ಕೇಳಿದ್ರು."

ಎರಡನೆಯ ದಾರಿಯನ್ನೇ ಹಿಡಿದಳು. ಚೀಲದ ಸುದ್ದಿ ಅಷ್ಟರಲ್ಲಿ ಭಾಲ್ಕಿಗೆ ಮುಟ್ಟಿತ್ತು. ಅತ್ತೆ ಫೋನಿನಲ್ಲಿ, "ಹೊಟ್ಟಿ ಮ್ಯಾಲ ಹೊಲಸ ಕಟ್ಕೊಂಡು ಅಡಗಿ ಮನ್ಯಾಗ ಹ್ಯಾಂಗ ಬರ್ತಿ? ಲಿಂಗ ಕೈಯಾಗ ಹ್ಯಾಂಗ ಹಿಡೀತಿ?" ಎಂದು ಕೇಳಿದರಂತೆ. ಆ ಮನೆಯಲ್ಲಿ ದಿನಾ ಲಿಂಗಪೂಜೆ. ಶರಣರು ಮೈಲಿಗೆ ಇಲ್ಲವೆಂದರು ಎಂದು ಅದೇ ಅತ್ತೆ ಊರ ಹೆಂಗಸರ ಕೂಟದಲ್ಲಿ ಮಾತಾಡುತ್ತಾರೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ನಾನು ಬಾಯಿಗೆ, "ಚೀಲ ಹಾಕ್ಕೊಂಡ್ರ ಏನಾಗ್ತದ? ಜೀವ ಉಳೀತದಲ್ಲಾ" ಅಂದೆ. ಆಕೆ ನನ್ನ ಮೇಲೆಯೇ ಸಿಟ್ಟಾದಳು. "ನಿಂತ ಮಂದ್ಯಾಗ ನೂಕ್ಯಾಡಿ ಟಿಕೆಟ್ ಹರಿಯಾಕಿ ನಾ. ಯಾರದರ ಮೊಳಕೈ ತಾಕಿ ಅದು ಒಡೀತಂದ್ರ? ಬ್ಯಾಡ್ರಿ. ನನ್ನ ಹೊಟ್ಟಿ ನನಗ ಇಡಿಯಾಗಿ ಬೇಕು."

ಅವತ್ತಿನಿಂದ ಬಾಯಿ ಹಿಡಿದ ನೇಮ ಯಾವ ಸ್ವಾಮಿಯೂ ಹಿಡಿದಿರಲಿಕ್ಕಿಲ್ಲ. ರೊಟ್ಟಿ ಇಲ್ಲ, ಪಲ್ಯ ಇಲ್ಲ, ಬೇಳೆ ಇಲ್ಲ. ಡಾಕ್ಟರು ಬರೆದುಕೊಟ್ಟ ಡಬ್ಬಿಯ ಪುಡಿಯನ್ನು ನೀರಿನಲ್ಲಿ ಕಲಸಿ ಹೊತ್ತು ಹೊತ್ತಿಗೆ ಕುಡಿಯಬೇಕು, ಅದೇ ಊಟ. ಕರುಳಿಗೆ ವಿಶ್ರಾಂತಿ, ಮೈಗೆ ಬಲ. ಗುಳಿಗೆ ವಾರವಾರಕ್ಕೆ ಇಳಿಯುತ್ತಿತ್ತು, ಅರ್ಧ ಮುರಿಯುವಾಗ ಬ್ಲೇಡಿನಿಂದ ಮುರಿಯುತ್ತಿದ್ದಳು. ನಮ್ಮ ಜನರ ಕೈಯಿಂದ ತಪ್ಪಿಸಿಕೊಳ್ಳುವುದೇ ಕಷ್ಟವಾಗಿತ್ತು. ಬಸ್ಸಿನಲ್ಲಿ ಒಬ್ಬರು ಪೇರಲಹಣ್ಣು ಕೊಡುತ್ತಾರೆ, ಇನ್ನೊಬ್ಬರು ಹುರಿದ ಸೇಂಗಾ. ಬೇಡವೆಂದರೆ ಅವಮಾನ. ಬಾಯಿ ಇಸಿದುಕೊಂಡು ಹಣೆಗೆ ಒತ್ತಿ ಹಿಂದಿನ ಸೀಟಿನವರಿಗೆ ದಾಟಿಸುತ್ತಿದ್ದಳು. ಆ ಡಬ್ಬಿಯ ಹಾಲಿನ ವಾಸನೆಗೆ ಮೂಗು ಮುಚ್ಚಿ ಕುಡಿದು, "ಖಡಕ್ ರೊಟ್ಟಿ ಮಂದಿಗಿ ಇದೇನ್ ಶಿಕ್ಷಾರಿ ಟೀಚರ್" ಎಂದು ಬಾಟಲಿಯನ್ನು ನನ್ನ ಕೈಗೆ ಕೊಡುತ್ತಿದ್ದಳು.

ಗುಳಿಗೆ ಇಳಿದ ಹಾಗೆ ಮುಖವೂ ಇಳಿಯತೊಡಗಿತು. ಹಳೆಯ ಉದ್ದ ಮುಖ ಇಣುಕಿತು. ಕೀಲು ನೋವು, ಸುಸ್ತು ಬಂದವು. ಇವೆಲ್ಲ ಬರುತ್ತವೆ, ತಡೆದುಕೊಳ್ಳಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬಾಯಿ ತಡೆದುಕೊಂಡಳು. ತಡೆದುಕೊಳ್ಳಲಾಗದೆ ಹೋದದ್ದು ತಾಯಿಗೆ. ಇಷ್ಟು ದಿನಕ್ಕೆ ಮಗಳು ಮೈ ತುಂಬಿಕೊಂಡಿದ್ದಳು. ಈಗ ಅನ್ನ ಇಲ್ಲ, ರೊಟ್ಟಿ ಇಲ್ಲ, ಗುಳಿಗೆಯೂ ಇಲ್ಲ, ಕಣ್ಣೆದುರಿಗೇ ಸೊರಗುತ್ತಿದ್ದಾಳೆ. ಯಾವ ತಾಯಿ ನೋಡಿಕೊಂಡು ಕೂರುತ್ತಾಳೆ?

ಎಳ್ಳ ಅಮಾವಾಸ್ಯೆಗೆ ಡಾಬಕಾದ ಹೊಲಕ್ಕೆ ನನ್ನನ್ನೂ ಕರೆದಿದ್ದರು. ಅವತ್ತು ನಮ್ಮ ಜಿಲ್ಲೆಯಲ್ಲಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಲದ ದಾರಿಯಲ್ಲಿ ಹೋಗುವ ಅಪರಿಚಿತನನ್ನೂ ಎಳೆದು ತಂದು ಕೂರಿಸಿ ಉಣಿಸುತ್ತಾರೆ. ಜೋಳದ ದಂಟಿನ ಗುಡಿಸಲು ಕಟ್ಟಿ ಪೂಜೆ ಮಾಡಿ, ಸಜ್ಜೆ ರೊಟ್ಟಿ, ಹತ್ತಾರು ಕಾಳು ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಮಣ್ಣಿನ ಮಡಕೆಯಲ್ಲಿ ಹುಳಿಬಂದ ಅಂಬಲಿ ಬಡಿಸಿದರು. ಬಾಯಿ ಎಲ್ಲರಿಗೂ ಬಡಿಸಿದಳು, ತಾನು ಮುಟ್ಟಲಿಲ್ಲ. ಅಣ್ಣ ಬೇಜಾರು ಮಾಡಿಕೊಂಡ. "ಹಬ್ಬದ ದಿನ ಹೊಲದಾಗ ಬಂದು ಉಪಾಸ ಇದ್ರ ಭೂಮಿತಾಯಿಗಿ ಹ್ಯಾಂಗನಸ್ತದ?" ಅಂದ. ಆಗ ತಾಯಿ ನಡುವೆ ಬಂದು, "ಅಂಬಲಿ ನೀರೇ ಅಲ್ಲೇನು? ಅದರ ಮ್ಯಾಲಿನ ತಿಳಿ ಸೋಸಿ ಕೊಡ್ತೇನಿ, ಅದಕ್ಕೇನಾಗಂಗಿಲ್ಲ" ಎಂದು ಒಂದು ಚರಿಗೆ ತಂದುಕೊಟ್ಟಳು. ಬಾಯಿ ಕುಡಿದಳು. ಕುಡಿದು ಕಣ್ಣು ಮುಚ್ಚಿ, "ಆಹಾ" ಅಂದಳು. ಎಷ್ಟೋ ದಿನದ ಮೇಲೆ ನಾಲಿಗೆಗೆ ಹುಳಿ ಮುಟ್ಟಿತ್ತು. ನಾವೆಲ್ಲ ನಕ್ಕೆವು. ತಾಯಿಯ ಮುಖದಲ್ಲಿ ಅವತ್ತು ಇದ್ದಂಥ ನೆಮ್ಮದಿಯನ್ನು ನಾನು ಮತ್ತೆ ನೋಡಲಿಲ್ಲ.

ಆ ಅಂಬಲಿಯಲ್ಲಿ ಪುಡಿ ಇತ್ತು. ಗಡಿಯ ಆಚೆಗಿನ ಒಂದು ಹಳ್ಳಿಯಲ್ಲಿ ಗಾವಠಿ, ಅಂದರೆ ನಾಟಿ, ಔಷಧ ಕೊಡುವವನೊಬ್ಬನಿದ್ದಾನೆ. ಅವನ ಪುಡಿ ತಿಂದ ಮುದುಕರು ಕೋಲು ಬಿಸಾಕಿ ನಡೆಯುತ್ತಾರೆ ಎಂದು ಸುತ್ತಮುತ್ತ ಹೆಸರು. ತಾಯಿ ಅವನಲ್ಲಿಗೆ ಹೋಗಿ, ಮಗಳಿಗೆ ಶಕ್ತಿ ಬರಲಿ ಎಂದು ಪುಡಿಕೆಗಳನ್ನು ತಂದಿದ್ದಳು. ಅಂಬಲಿಯೊಂದೇ ಅಲ್ಲ, ದಿನಾ ಡಬ್ಬಿಯ ಹಾಲಿಗೂ ಬೆರೆಸಿ ಕೊಡುತ್ತಿದ್ದಳು. ಮೊದಲೇ ಕೆಟ್ಟ ವಾಸನೆಯ ಹಾಲು, ಮಗಳಿಗೆ ಗೊತ್ತಾಗಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ, ಆಸ್ಪತ್ರೆಯಲ್ಲಿ.

ಹಬ್ಬದ ಮೇಲೆ ಬಾಯಿ ಅರಳಿದಳು. ನೋವು ಹೋಯಿತು, ಸುಸ್ತು ಹೋಯಿತು. ಗುಳಿಗೆ ಪೂರ್ತಿ ನಿಲ್ಲುವ ಹೊತ್ತಿಗೆ ಬಸ್ಸಿನಲ್ಲಿ ಹಾಡು ಗುನುಗುತ್ತಿದ್ದಳು. "ನೋಡ್ರಿ ಟೀಚರ್, ಗುಳಿಗಿ ಬಿಟ್ಟೂ ಆರಾಮ ಇದ್ದೀನಿ. ಇನ್ನ ಹೊಲಿಗಿ ಗಟ್ಟಿ ಹಿಡೀತದ" ಅಂದಳು. ನಾನೂ ನಂಬಿದೆ. ಆಪರೇಷನ್ನಿಗೆ ದಿನ ನಿಗದಿಯಾಗಿತ್ತು. ಅದಕ್ಕೂ ಮೊದಲು ಒಮ್ಮೆ ತೋರಿಸಲು ಹೈದರಾಬಾದಿಗೆ ಹೋದಾಗ ಸರ್ಜನ್ ಆಕೆಯ ಗಲ್ಲವನ್ನು ಎರಡು ಬೆರಳಿನಿಂದ ಹಿಡಿದು ನೋಡಿ, "ಗುಳಿಗೆ ಇಳಿದಿದೆ, ಮುಖ ಮತ್ತೆ ಯಾಕೆ ಏರಿದೆ? ಬೇರೆ ಏನಾದರೂ ತಗೊಳ್ತಿದ್ದೀರಾ?" ಎಂದು ಕೇಳಿದರಂತೆ. ಇಲ್ಲವೆಂದಳು. ಅವಳ ಮಟ್ಟಿಗೆ ಅದು ನಿಜವೇ.

ಮರಳುವ ದಾರಿಯಲ್ಲಿ ಅವಳಿಗೆ ಅನುಮಾನ ಬಂತು. ಮನೆಗೆ ಬಂದು ತಾಯಿಯನ್ನು ಕೂರಿಸಿಕೊಂಡು ಕೇಳಿದಳು. ತಾಯಿ ಸುಳ್ಳು ಹೇಳುವವಳಲ್ಲ. ಪುಡಿಕೆಗಳನ್ನು ತಂದು ಮುಂದಿಟ್ಟಳು. ಬಾಯಿ ಎಲ್ಲವನ್ನೂ ಮೋರಿಗೆ ಸುರಿದು ನೀರು ಬಿಟ್ಟಳು. ಇದೇನು ಹಾಳು ಮದ್ದೋ, ಇದರಿಂದ ತನ್ನ ಹೊಲಿಗೆ ಕೆಡುತ್ತದೆ ಅನ್ನುವುದೊಂದೇ ಆಕೆಯ ತಲೆಯಲ್ಲಿ. ಅದರೊಳಗೆ ಇರುವುದು ತಾನು ಬ್ಲೇಡಿನಿಂದ ಮುರಿದು ಮುರಿದು ಬಿಟ್ಟ ಗುಳಿಗೆಯೇ ಎಂದು ಹೊಳೆಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಲಿಲ್ಲ. ಮಾಡಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಮತ್ತೆ ತಿಂಗಳುಗಟ್ಟಲೆ ಆ ಹಾಲು, ಮತ್ತೆ ಭಾಲ್ಕಿಯವರ ಮಾತು. ಮೇಲಾಗಿ ಅಣ್ಣನಿಗೆ ಗೊತ್ತಾದರೆ ಅವ್ವನನ್ನು ಹರಿದು ತಿನ್ನುತ್ತಾನೆ. "ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದು ತಾಯಿಯಿಂದ ಆಣೆ ಹಾಕಿಸಿಕೊಂಡಳು. ಬ್ರೇಕಿನ ಮಾತನ್ನು ನನಗೆ ಅಷ್ಟು ಚೆಂದ ವಿವರಿಸಿದವಳು ತಾನೇ ಒಮ್ಮೆಲೇ ಬ್ರೇಕ್ ಒತ್ತಿಬಿಟ್ಟಳು.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಇದ್ದ. ಬಾಯಿಗೆ ವಾಂತಿ, ಎದ್ದು ನಿಲ್ಲಲಾಗುತ್ತಿಲ್ಲ, ದವಾಖಾನೆಗೆ ಹಾಕಿದ್ದಾರೆ ಎಂದು ಡ್ರೈವರ್ ಹೇಳಿದ. ನಾನು ಬಸ್ಸಿನಿಂದ ಇಳಿದು ಅಲ್ಲಿಗೇ ಹೋದೆ. ಬಾಯಿ ಮಂಚದ ಮೇಲೆ ಬೂದಿಬಣ್ಣವಾಗಿ ಮಲಗಿದ್ದಳು. ತಣ್ಣನೆಯ ಬೆವರು. ಬಿಪಿ ಸಿಗುತ್ತಿಲ್ಲ ಎಂದು ನರ್ಸ್ ಓಡಾಡುತ್ತಿದ್ದಳು. ಡಾಕ್ಟರು ಇನ್ನೂ ಚಿಕ್ಕ ಪ್ರಾಯದವರು. ಮಂಚದ ಸುತ್ತ ಅಣ್ಣ, ಅತ್ತಿಗೆ, ಭಾಲ್ಕಿಯಿಂದ ಬಂದ ಗಂಡ ಮತ್ತು ಅತ್ತೆ. ಗೋಡೆಗೆ ಆತು ತಾಯಿ.

"ಬೇರೆ ಔಷಧ ಏನಾದರೂ ಕೊಟ್ಟಿದ್ದೀರಾ? ಯಾವುದೇ ಪುಡಿ, ಕಷಾಯ? ಮುಚ್ಚಿಡಬೇಡಿ, ಜೀವದ ಪ್ರಶ್ನೆ" ಎಂದು ಡಾಕ್ಟರು ಕೇಳಿದರು.

ಬಾಯಿ ಕಣ್ಣು ತೆರೆದಳು. ತಾಯಿಯ ಕಡೆ ನೋಡಿ ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದಳು. ಬೇಡ ಎಂದು. ನಾನು ನೋಡಿದೆ, ಅರ್ಥವಾಗಲಿಲ್ಲ. "ಏನೂ ಇಲ್ಲ್ರಿ" ಎಂದು ಅಣ್ಣ ಹೇಳುತ್ತಿದ್ದ. ತಾಯಿ ಅವನನ್ನು ಕೈಯಿಂದ ಸರಿಸಿ ಮುಂದೆ ಬಂದಳು. ಸೆರಗಿನ ಗಂಟು ಬಿಚ್ಚಿದಳು. ಮೋರಿಗೆ ಹೋಗದೆ ಉಳಿದ ಒಂದು ಪುಡಿಕೆ ಅದರೊಳಗಿತ್ತು. ಡಾಕ್ಟರ ಕೈಗೆ ಕೊಟ್ಟು, "ನಾ ಕೊಟ್ಟೀನ್ರಿ. ಆಕಿಗಿ ಗೊತ್ತಿದ್ದಿಲ್ಲ. ಗೊತ್ತಾದ ದಿನಾನೇ ಬಿಟ್ಳು" ಅಂದಳು.

ಡಾಕ್ಟರು ಬೆರಳಿನಿಂದ ಪುಡಿ ಮುಟ್ಟಿ ನೋಡಿ, ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಅರೆದು ಬೆರೆಸಿರುತ್ತಾರೆ, ಬಹಳ ನೋಡಿದ್ದೇನೆ ಅಂದರು. ಅದು ಒಮ್ಮೆಲೇ ನಿಂತದ್ದರಿಂದಲೇ ಹೀಗಾಗಿದೆ ಎಂದು ತಕ್ಷಣ ನರ್ಸಿಗೆ ಕೂಗಿ ಅದೇ ಸ್ಟೀರಾಯ್ಡನ್ನು ನರದೊಳಗೆ ಹನಿಸಿದರು. ಅಣ್ಣ ಎಲ್ಲರೆದುರಿಗೆ, "ಹಡದಾಕಿ ನೀನೇ ಕೊಂದಿ" ಎಂದು ಕಿರುಚಿದ. ನನಗೂ ಹೊಡೆಯುವಷ್ಟು ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ತಾಯಿ ಅಳಲಿಲ್ಲ. ಮಗಳ ಪಾದ ಒರೆಸುತ್ತ ನಿಂತಳು. ಹನಿ ಇಳಿದಂತೆ ಬಾಯಿಯ ಮುಖಕ್ಕೆ ಜೀವ ಬಂತು.

ಆದರೆ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಸಣ್ಣಗಾಗಿದ್ದ ಕರುಳು ಅಲ್ಲೇ ಒಡೆದಿತ್ತು. ಹೈದರಾಬಾದಿಗೆ ಸಾಗಿಸಿದರು. ಅಲ್ಲಿ ಅದೇ ಸರ್ಜನ್ ಕತ್ತರಿಸಿದರು. ಮೈತುಂಬ ಸ್ಟೀರಾಯ್ಡ್, ಹೊಟ್ಟೆತುಂಬ ಕೀವು. ಜೋಡಿಸಿ ಹೊಲಿಯುವ ಮಾತೇ ಇರಲಿಲ್ಲ. ಚೀಲ ಹಾಕಿದರು.

ಭಾನುವಾರ ನೋಡಲು ಹೋದೆ. ಏನು ಹೇಳಿ ಸಮಾಧಾನ ಮಾಡುವುದೆಂದು ದಾರಿಯುದ್ದಕ್ಕೂ ಚಿಂತೆ. ಬಾಯಿ ನನ್ನನ್ನು ನೋಡಿ ತಾನೇ ಹೊದಿಕೆ ಸರಿಸಿ ತೋರಿಸಿದಳು. "ಬಸ್ ನಿಲ್ಸೂ ಕೆಲಸ ಇಲ್ಲ ನೋಡ್ರಿ ಟೀಚರ್. ಎಲ್ಲಿ ಬೇಕಲ್ಲಿ, ಯಾರಿಗೂ ಗೊತ್ತಾಗಂಗಿಲ್ಲ. ಓಡೂದಿಲ್ಲ, ಯಾರ ಹಿತ್ತಲಿಗೂ ಹೋಗೂದಿಲ್ಲ." ಹೊದಿಕೆ ಮತ್ತೆ ಎಳೆದುಕೊಂಡಳು. "ಇದಕ್ಕೇನ್ರಿ ನಾ ಇಷ್ಟ ಅಂಜಿದ್ದು? ಇದನ್ನ ಮೊದಲೇ ಹಾಕ್ಸ್ಕೊಂಡಿದ್ರ ಈಗ ಡ್ಯೂಟಿ ಮ್ಯಾಲ ಇರ್ತಿದ್ದೆ." ಹೊರಗೆ ನರ್ಸ್ ತಾಯಿಗೆ ಚೀಲ ಖಾಲಿ ಮಾಡುವುದು, ತೊಳೆಯುವುದು, ಕೆಳಗಿನ ಬಾಯಿ ಮಡಚಿ ಕ್ಲಿಪ್ ಹಾಕುವುದನ್ನು ಕಲಿಸುತ್ತಿದ್ದಳು. ತಾಯಿ ಖಾಲಿ ಚೀಲವೊಂದನ್ನು ಹಿಡಿದು ಮತ್ತೆ ಮತ್ತೆ ಮಾಡಿ ನೋಡುತ್ತಿದ್ದಳು.

"ಅವ್ವಗ ಯಾರೂ ಬೈಲಾರ್ದಂಗ ನೋಡ್ಕೋರಿ. ಆಕಿ ಹೇಳಲಾರ್ದ ಇದ್ರ ನಾ ಅವತ್ತೇ ಹೋಗ್ತಿದ್ದೆ" ಅಂದಳು ಬಾಯಿ. ಅದು ಆಕೆ ನನ್ನ ಜೊತೆ ಆಡಿದ ಕೊನೆಯ ಮಾತು. ಗಾಯ ಮಾಯಲಿಲ್ಲ. ಡಾಕ್ಟರು ಮೊದಲೇ ಹೇಳಿದ್ದರಲ್ಲ, ಆ ಗುಳಿಗೆ ಮಾಯಗೊಡುವುದಿಲ್ಲವೆಂದು. ಕೀವು ರಕ್ತಕ್ಕೆ ಸೇರಿತು. ವಾರ ತುಂಬುವಷ್ಟರಲ್ಲಿ ಹೋದಳು.

ಡ್ಯೂಟಿಗೆ ಹೋಗಬಹುದಿತ್ತು. ಚೀಲ ಕಟ್ಟಿಕೊಂಡು, ನೂಕುನುಗ್ಗಲಿನಲ್ಲಿ ಒಂದು ಕೈ ಅಡ್ಡ ಹಿಡಿದು, ಸೀಟಿ ಊದಿಕೊಂಡು ಹೋಗಬಹುದಿತ್ತು. ಇದನ್ನು ಯೋಚಿಸಿದರೆ ನನಗೆ ಇವತ್ತಿಗೂ ಊಟ ಸೇರುವುದಿಲ್ಲ.

ಡಾಬಕಾದ ಮನೆಗೆ ತಂದರು. ಮಣ್ಣಿಗೆ ಇಡುವ ಮೊದಲು ಮೈ ತೊಳೆದು, ಕೂರಿಸಿ, ಕೈಯಲ್ಲಿ ಲಿಂಗ ಇಡಬೇಕು. ಒಳಗೆ ಹೆಂಗಸರಷ್ಟೇ ಇದ್ದೆವು. ತಾಯಿ ಮಗಳ ಸೀರೆ ಸರಿಸಿದಾಗ ಚೀಲ ಕಂಡಿತು. ಅದರಲ್ಲಿ ಇನ್ನೂ ಸ್ವಲ್ಪ ಇತ್ತು. ಭಾಲ್ಕಿಯ ಅತ್ತೆ ಹೊಸ್ತಿಲಲ್ಲಿ ನಿಂತು, "ಅದೊಂದು ಕಿತ್ತು ಹಾಕ್ರಿ. ಲಿಂಗ ಇಡೂ ಮೈ ಅದು" ಅಂದರು. ಯಾರೋ ಕತ್ತರಿ ತರಲು ಎದ್ದರು.

ತಾಯಿ ಕೈ ಅಡ್ಡ ಹಿಡಿದಳು. "ಯಾಕ ಕೀಳಬೇಕು? ಇದು ಹೊಲಸಲ್ಲ, ನನ್ನ ಮಗಳ ಹೊಟ್ಟಿ. ಆಕಿ ಇಡಿಯಾಗಿ ಹೋಗ್ಲಿ."

ಆಮೇಲೆ ಯಾರನ್ನೂ ಕೇಳಲಿಲ್ಲ. ಕ್ಲಿಪ್ ತೆಗೆದು ಚೀಲ ಖಾಲಿ ಮಾಡಿದಳು. ಒಳಗೆ ನೀರು ಹಾಕಿ ಅಲುಗಿಸಿ ತೊಳೆದಳು. ಹೊಸ ಅರಿವೆಯಿಂದ ಸುತ್ತಲೂ ಒರೆಸಿದಳು. ಕೆಳಗಿನ ಬಾಯನ್ನು ನರ್ಸ್ ಕಲಿಸಿದಂತೆ ಮಡಚಿ ಕ್ಲಿಪ್ ಹಾಕಿ, ಗಟ್ಟಿ ಕೂತಿದೆಯೇ ಎಂದು ಎಳೆದು ನೋಡಿದಳು. ನಾನು ಹಂಡೆಯಿಂದ ನೀರು ತೋಡಿಕೊಂಡು ನಿಂತಿದ್ದೆ. ತಾಯಿ ಚರಿಗೆಯಲ್ಲಿ ಬೆರಳದ್ದಿ ನೋಡಿ, "ಜರಾ ಬಿಸಿನೀರ ಬೆರಸ್ರಿ ಟೀಚರ್. ಥಂಡ ನೀರ ಆಕಿ ಹೊಟ್ಟಿಗಿ ಆಗಂಗಿಲ್ಲ" ಅಂದಳು.